ಹೆಣ್ಣು ನೋಡಿ ನೋಡಿ ಹಣ್ಣಾದ ಬಿಳಿ ಕಾರಿಗೆ

ಹೊಳನಗದ್ದೆ, ಕುಮಟಾ ತಾಲೂಕು
ಜನವರಿ ೨೦೦೧

ಮಾನ್ಯರೇ,

ಮೂರು ತಾಲೂಕಿನ ಅಂಗಳಗಳನ್ನು ಪಾವನಗೊಳಿಸಿದ, ಹಾರ್ನ್ ಕೇಳಿದರೆ ಸಾಕು ಹೆಣ್ಣು ಹೆತ್ತವರು ಹೆಗಲಿಗೆ ಶಲ್ಯ ಏರಿಸಿಕೊಂಡು ಹೊರಬರುವಂಥ ಕೀರ್ತಿಯುಳ್ಳ, ನಮ್ಮನೆಯವರ ಸೋದರಮಾವ ಮಾಬ್ಲೇಶ್ವರರ ಬಿಳಿ ಕಾರಾದ ತಮಗೆ ಪೂರ್ಣಿಮಾ ಮಾಡುವ ನಮಸ್ಕಾರಗಳು. ರೇಡಿಯೇಟರಿನ ಆರೋಗ್ಯ ವಿಚಾರಿಸುವುದು ಶಿಷ್ಟಾಚಾರವೇ ಹೌದಾದರೂ ಅದನ್ನು ಆ ದಿನ ಕಣ್ಣಾರೆ ಕಂಡವಳಾದ್ದರಿಂದ ಕೇಳುವುದಿಲ್ಲ.

ಮಾಬ್ಲೇಶ್ವರ ಮಾವನವರು ನಿವೃತ್ತರಾದ ಮೇಲೆ ಗಂಡು ಹೆಣ್ಣು ಕೂಡಿಸುವ ಪುಣ್ಯಕಾರ್ಯಕ್ಕೆ ನಿಂತವರು, ತಾವು ಅದಕ್ಕೆ ಗಾಲಿ ಕೊಟ್ಟವರು. ನನ್ನನ್ನು ನೋಡಲು ಬಾಡ ಎಂಬ ಊರಿನ ನನ್ನ ತವರುಮನೆಗೆ ನಮ್ಮನೆಯವರನ್ನು ತಂದು ಇಳಿಸಿದವರೂ ತಾವೇ. ಆ ಉಪಕಾರಕ್ಕೆ ಕೃತಜ್ಞಳಾಗಿರಬೇಕೋ ಬೇಡವೋ ಎಂಬುದನ್ನು ಈ ಪತ್ರ ಮುಗಿಯುವಷ್ಟರಲ್ಲಿ ತೀರ್ಮಾನಿಸುತ್ತೇನೆ.

ತಮಗೆ ತಿಳಿದಿರಲಿಕ್ಕಿಲ್ಲ, ನಮ್ಮ ಮನೆಯಲ್ಲಿ ಗಂಡಸರ ಊಟವಾದ ಮೇಲೆ ಹೆಂಗಸರದ್ದು. ನಮ್ಮನೆಯವರು ಅನ್ನವನ್ನು ಯಾವ ಬದಿಯಿಂದ ಕಲಸುತ್ತಾರೆ, ಮೀನಿನ ಯಾವ ತುಂಡನ್ನು ಕೊನೆಗೆ ಉಳಿಸಿಕೊಳ್ಳುತ್ತಾರೆ ಎಂಬುದೆಲ್ಲ ನನಗೆ ಬಾಯಿಪಾಠ. ಆದರೆ ಮದುವೆಯಾಗಿ ವರ್ಷ ಕಳೆದರೂ ನಾನು ಉಣ್ಣುವುದನ್ನು ಅವರು ಒಮ್ಮೆಯೂ ಕಂಡಿಲ್ಲ. ಆದ್ದರಿಂದ ನಾನು ಕೇಳಿದ್ದು ಬಂಗಾರವಲ್ಲ, ರೇಷ್ಮೆಯಲ್ಲ. ಭಟ್ಕಳದ ಒಂದು ಹೋಟೆಲಿನಲ್ಲಿ, ಒಂದು ಮೇಜಿನ ಆಚೆ ಈಚೆ ಇಬ್ಬರೂ ಕೂತು ಒಂದು ಬಿರಿಯಾನಿ ಊಟ. ದಾರಿಯಲ್ಲಿ ಅಪ್ಸರಕೊಂಡ, ಮುರ್ಡೇಶ್ವರ ಸಿಕ್ಕರೆ ಅದು ಲಾಭ. ಮಾವನವರು ದೊಡ್ಡ ಮನಸ್ಸು ಮಾಡಿ ತಮ್ಮನ್ನು ಕೊಟ್ಟರು. ತಮ್ಮ ಮುಂದಿನ ಎಡಬಾಗಿಲು ತೆರೆಯದ್ದರಿಂದ ನಾನು ಹಿಂದೆ ಕೂತೆ.

ಹೊನ್ನಾವರದಲ್ಲಿ, ಅಷ್ಟು ಉದ್ದದ ಹೆದ್ದಾರಿಯಲ್ಲಿ ಬೇರೆ ಜಾಗವೇ ಇಲ್ಲವೆಂಬಂತೆ, ಮದುವೆಗೆ ಬಂದ ಮಗಳಿದ್ದ ಲಿಂಗಪ್ಪನವರ ಗೇಟಿನ ಮುಂದೆಯೇ ತಾವು ಕುದಿದು ನಿಂತಿರಿ. ಆ ಸ್ಥಳಜ್ಞಾನವನ್ನು ಎಷ್ಟು ಹೊಗಳಿದರೂ ಸಾಲದು. ಒಂದು ಕೊಡ ನೀರು ಕೇಳಲು ಇಳಿದ ನಮ್ಮನೆಯವರು ಬಾಯಿ ತೆರೆಯುವ ಮೊದಲೇ ಲಿಂಗಪ್ಪನವರು ತಮ್ಮನ್ನು ಗುರುತಿಸಿ, ಇವರ ಕೈ ಹಿಡಿದು ಜಗಲಿಯ ಕುರ್ಚಿಯಲ್ಲಿ ಕೂರಿಸಿಬಿಟ್ಟರು. ಕಾರು ಮಾಬ್ಲೇಶ್ವರರದ್ದು, ಚಾಲಕ ಇಸ್ತ್ರಿ ಅಂಗಿಯ ಯುವಕ, ಹಿಂದೆ ಕರಿಮಣಿ ಹಾಕಿಕೊಂಡ ಹೆಂಗಸು. ಇದರ ಅರ್ಥವನ್ನು ನಮ್ಮ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನನ್ನನ್ನು ಅವರ ಹೆಂಡತಿ ಗಣಪಿ ಒಳಗೆ ಕರೆದೊಯ್ದು, 'ನಿಮ್ಮ ತಮ್ಮಂಗೆ ಎಂತ ಕೆಲ್ಸ?' ಎಂದು ಕೇಳಿದರು. ತಮ್ಮನಲ್ಲ ಎಂದೆ. ಹಾಗಾದರೆ ಮೈದುನ ಎಂದು ಅವರೇ ತೀರ್ಮಾನಿಸಿ ರವೆ ಹುರಿಯತೊಡಗಿದರು.

ಉಳಿದ ಮಾತನ್ನು ನಾನೇ ಆಡಬಹುದಿತ್ತು, ನಿಜ. ಆದರೆ ಅದು ಜಗಲಿಯಿಂದ ಬರಲಿ ಎಂದು ನನಗೆ ಹಟ ಬಂತು. 'ಒಳಗೆ ಹೋದವಳು ನನ್ನ ಹೆಂಡತಿ' ಎನ್ನಲು ಎಷ್ಟು ಹೊತ್ತು ಬೇಕು? ಜಗಲಿಯಿಂದ ಚಮಚದ ಸದ್ದು ಬಂತು. ಶಿರಾ ಚೆನ್ನಾಗಿದೆ ಎಂಬ ಮಾತು ಬಂತು. ಇನ್ನೊಂದು ಸ್ವಲ್ಪ ಎಂಬ ಮಾತೂ ಬಂತು. ಮಗಳು ಧನ್ಯಾ ಚಹಾದ ತಟ್ಟೆ ಹಿಡಿದು ಹೋದಾಗ ಇವರಿಗೆ ವಿಷಯ ಹೊಳೆಯಿತಂತೆ. ಅಷ್ಟರಲ್ಲಿ ಎರಡನೇ ಸಲದ ಶಿರಾ ಬಾಯಲ್ಲಿದ್ದುದರಿಂದ ಸಂಕೋಚವಾಯಿತಂತೆ.

ಧನ್ಯಾ ಒಳಗೆ ಬಂದವಳೇ ತಟ್ಟೆ ಕೆಳಗಿಟ್ಟು ನನ್ನನ್ನು ನೋಡಿದಳು. 'ನಿಮ್ಗೆ ಒಂದು ಲೋಟ ಚಾ ಸಿಕ್ತಾ ಅಂತ ಅವ್ರು ಒಂದ್ಸಲನೂ ಕೇಳ್ಲಿಲ್ಲ. ಅಣ್ಣನ ಹೆಂಡ್ತಿಗೇ ಹೀಂಗಾದ್ರೆ, ಕಟ್ಕಂಡೋಳಿಗೆ ಎಂತ ಕೇಳ್ತಾರೆ?' ಎಂದಳು. ಅವಳೇ ಒಂದು ಲೋಟ ತುಂಬಿಸಿ ಕೊಟ್ಟಳು. ಚಹಾ ಕುಡಿದೆ.

ಮುರ್ಡೇಶ್ವರದಲ್ಲಿಯೂ ತಮ್ಮ ಖ್ಯಾತಿಗೆ ಕುಂದು ಬರಲಿಲ್ಲ. ದೇವಸ್ಥಾನದ ಹತ್ತಿರ ತ್ರ್ಯಂಬಕ ಎಂಬವರು ತಮ್ಮ ಬಾನೆಟ್ ಸವರುತ್ತ ನಮ್ಮನೆಯವರನ್ನು ಹಿಡಿದು ತಂಗಿಯ ಮಗಳ ಗುಣಗಾನಕ್ಕೆ ತೊಡಗಿದ್ದರಿಂದ ಸಮುದ್ರವನ್ನು ನಾನೊಬ್ಬಳೇ ನೋಡಿದೆ. ಕೊನೆಗೂ ಭಟ್ಕಳ ಬಂತು. ಪರದೆ ಇಳಿಬಿಟ್ಟ ಫ್ಯಾಮಿಲಿ ರೂಮು, ಎರಡು ಕುರ್ಚಿ, ನಡುವೆ ಹಬೆಯಾಡುವ ಬಿರಿಯಾನಿ. ನಮ್ಮನೆಯವರು ಅದನ್ನು ನೋಡಿ, ಹೊಟ್ಟೆ ಸವರಿಕೊಂಡು, 'ಶಿರಾನೇ ಇನ್ನೂ ಇಳೀಲಿಲ್ಲ. ನೀ ತಿನ್ನು, ನಾ ಕಾರಿಗೆ ನೀರ್ ಹಾಕ್ಕ ಬತ್ತೆ' ಎಂದು ಎದ್ದು ಹೋದರು. ನಾನು ಖಾಲಿ ಕುರ್ಚಿಯ ಎದುರು ಕೂತು ಇಬ್ಬರ ಪಾಲನ್ನೂ ಉಂಡೆ. ಬಿರಿಯಾನಿ ಬಹಳ ಚೆನ್ನಾಗಿತ್ತು, ನನಗೆ ಅಳು ಬಂದಿತ್ತು.

ಆದ್ದರಿಂದ ತಮ್ಮಲ್ಲಿ ವಿನಂತಿ. ಇನ್ನು ಮುಂದೆ ಕುದಿಯಲೇಬೇಕೆಂದಿದ್ದರೆ ಗಂಡುಮಕ್ಕಳಷ್ಟೇ ಇರುವ ಮನೆಯ ಮುಂದೆ ಕುದಿಯಿರಿ. ದಂಪತಿಗಳನ್ನು ಹೊತ್ತ ದಿನ ಮೈಮೇಲೆ ಗೋಣಿ ಹೊದ್ದು ಯಾರದೋ ಕಾರಿನಂತೆ ನಟಿಸಿರಿ. ಅದೂ ಆಗದಿದ್ದರೆ, ಹಿಂದೆ ಕೂತವಳು ಯಾರೆಂಬುದನ್ನು ತಾವೇ ಹಾರ್ನಿನಲ್ಲಿ ಸ್ಪಷ್ಟವಾಗಿ ಹೇಳಲು ಕಲಿಯಿರಿ. ಆ ಕೆಲಸಕ್ಕೆ ನಮ್ಮ ಮನೆಯಲ್ಲಿ ಬೇರೆ ಜನ ಇಲ್ಲ.

ನಿನ್ನೆ ಮಾವನವರು ಬಂದು, ಲಿಂಗಪ್ಪನವರು ಫೋನ್ ಮಾಡಿದ್ದಾಗಿಯೂ ಹುಡುಗಿ ಈ ಹುಡುಗನನ್ನು ಬೇಡವೆಂದಿರುವುದಾಗಿಯೂ ತಿಳಿಸಿ, ಮದುವೆಯಾದವನು ಹೆಣ್ಣು ನೋಡಿ ಬಂದು ಸೋದರಮಾವನ ಮರ್ಯಾದೆ ಕಳೆದನೆಂದು ಕೂಗಾಡಿದರು. ಅತ್ತೆಯವರಿಗೆ ಬೇರೆಯೇ ಸಿಟ್ಟು: ತಮ್ಮ ಮಗನನ್ನು ಬೇಡವೆನ್ನಲು ಆ ಹುಡುಗಿ ಯಾರು, ಇವನಿಗೆ ಏನು ಕಡಿಮೆಯಾಗಿದೆ ಎಂದು. ನನ್ನನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ.

ಇಷ್ಟೆಲ್ಲ ಆದ ಮೇಲೂ,
ತಮ್ಮ ವಿಶ್ವಾಸಿ,
ಪೂರ್ಣಿಮಾ ನಿತ್ಯಾನಂದ

ತಾ.ಕ.: ಈ ಪತ್ರವನ್ನು ನಮ್ಮನೆಯವರು ಈಗಷ್ಟೇ ಎರಡು ಸಲ ಓದಿ, ಮಡಚಿ ಕೊಟ್ಟು, 'ಅಲ್ಲಾ, ಆ ಹುಡುಗಿ ನನ್ನ ಬ್ಯಾಡ ಅಂದದ್ದು ಎಂತಕ್ಕೆ?' ಎಂದು ಕೇಳಿದರು. ಅತ್ತೆಯವರು ಮಗಳ ಮನೆಗೆ ಹೋಗಿದ್ದಾರೆ, ಅನ್ನ ಮತ್ತು ಬಂಗಡೆ ಸಾರು ಬಿಸಿಯಾಗಿವೆ. ನಾನು ಮೊದಲು ನನ್ನ ತಟ್ಟೆಗೆ ಬಡಿಸಿಕೊಂಡಿದ್ದೇನೆ. ನನ್ನ ಊಟವಾದ ಮೇಲೆ ಅವರಿಗೆ ಹೇಳುತ್ತೇನೆ.