ಎಲೆತೋಟದ ಕಾನೂನು ವಾರ್ಡಿಗೆ ಬಂದದ್ದು

ನಮ್ಮ ಸೋದರಮಾವನನ್ನು ವಾದದಲ್ಲಿ ಸೋಲಿಸಿದವರು ಈ ಭೂಮಿಯ ಮೇಲಿಲ್ಲ. ಯಾಕೆಂದರೆ ಅವನು ವಾದವನ್ನೇ ಮಾಡುವುದಿಲ್ಲ! ನೀವು ಒಂದು, ಎರಡು, ಮೂರು ಎಂದು ಅಂಶಗಳನ್ನು ಮಂಡಿಸುತ್ತೀರಿ. ಅವನು ಎಲ್ಲ ಕೇಳಿ, "ಆತು, ಮೊದ್ಲ ಕೈ ತೊಳ್ಕೊ" ಎನ್ನುತ್ತಾನೆ.

ಸವಣೂರಿನಲ್ಲಿ ಅವನದೊಂದು ಎಲೆತೋಟ. ಒಳಗೆ ಕಾಲಿಡಬೇಕಾದರೆ ಚಪ್ಪಲಿ ಬೇಲಿಯಾಚೆ ಬಿಡಬೇಕು, ಕೈಕಾಲು ತೊಳೆಯಬೇಕು, ಕೊಯ್ದ ವೀಳ್ಯದೆಲೆ ನೆಲಕ್ಕೆ ತಾಗಬಾರದು. ಮತ್ತು ಸಿಳ್ಳೆ ಹೊಡೆಯಬಾರದು. ಸಿಳ್ಳೆ ಯಾಕೆ? ಬಳ್ಳಿ ಸಿಟ್ಟಾಗುತ್ತದಂತೆ! ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಮೂಢನಂಬಿಕೆಗೆ ಉದಾಹರಣೆಯೆಂದು ಇದೇ ತೋಟವನ್ನು ಎಳೆದು ತಂದು ನಾನು ಮೊದಲ ಬಹುಮಾನ ಗೆದ್ದೆ. ಮಾವ ನೊಂದುಕೊಂಡನೇ? ತನ್ನ ತೋಟಕ್ಕೆ ಬಹುಮಾನ ಬಂತೆಂದು ಓಣಿಗೆಲ್ಲ ಎಲೆ ಹಂಚಿದ!

ಹೋದ ವರ್ಷ ಅಪ್ಪ ಯಲವಿಗಿ ಸ್ಟೇಷನ್ನಿನಲ್ಲಿ ಜಾರಿಬಿದ್ದು ತೊಡೆಯ ಎಲುಬು ಮುರಿದುಕೊಂಡರು. ಆಪರೇಷನ್ ಆಯಿತು, ಒಳಗೆ ರಾಡು ಕೂಡಿಸಿದರು. ಏಳಲಾಗದ್ದರಿಂದ ಮೂತ್ರಕ್ಕೆ ಪೈಪು ಹಾಕಿ, ಮಂಚದ ಪಕ್ಕಕ್ಕೆ ಚೀಲ ತೂಗಬಿಟ್ಟರು. ಮಾವ ಬಂದ, ಚೀಲ ನೋಡಿದ, ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬಂದ. ಅಲ್ಲಿಗೆ ವಾರ್ಡು ಎಲೆತೋಟವಾಯಿತು!

ಪೈಪು ಮುಟ್ಟುವವರು ಮೊದಲೂ ಆಮೇಲೂ ಕೈ ತೊಳೆಯಬೇಕು. ಚೀಲ ನೆಲಕ್ಕೆ ತಾಗಬಾರದು. ಪೈಪು ಮಡಿಚಿಕೊಳ್ಳಬಾರದು. ನೋಡಲು ಬಂದ ಬಂಕಾಪುರದ ಕಾಕಾ, ಕಾಲಿಗೆ ತೊಡರೀತೆಂದು ಚೀಲವನ್ನೆತ್ತಿ ಅಪ್ಪನ ಹೊಟ್ಟೆಯ ಮೇಲಿಟ್ಟರು. ಮಾವ ಮೈಗೆ ಬೆಂಕಿ ಬಿದ್ದವನಂತೆ ಓಡಿದ. ಎಲ್ಲಿಗೆ? ಮೊದಲು ನಲ್ಲಿಗೆ! ಕೈ ತೊಳೆದು ಬಂದು ಚೀಲ ಕೆಳಗಿಳಿಸಿ, "ಹೊಲಸ ನೀರು ಹೊಳ್ಳಿ ಬುಡಕ್ಕ ಬಂದ್ರ ಬಳ್ಳಿ ಕೊಳೀತೈತ್ರಿ" ಎಂದ.

"ಮಾಮಾ, ಅಪ್ಪ ಏನ್ ಬಳ್ಳಿ ಏನು?" ಎಂದೆ.

ಆದರೆ ಸಿಸ್ಟರ್ ಅವನ ಕಡೆ ಸೇರಿಬಿಟ್ಟರು. ಚೀಲ ಮೂತ್ರಕೋಶಕ್ಕಿಂತ ಕೆಳಗೇ ಇರಬೇಕಂತೆ; ಮೂತ್ರ ಹಿಂದಕ್ಕೆ ಹರಿದರೆ ಸೋಂಕೂ ಒಳಗೆ ಹೋಗುತ್ತದಂತೆ. ನನಗೆ ತಲೆ ಕೆಟ್ಟಿತು. ಕಾರಣ ತಪ್ಪು, ತೀರ್ಮಾನ ಸರಿ. ಇಂಥ ಸ್ಪರ್ಧಿಗೆ ಎಷ್ಟು ಅಂಕ ಕೊಡುತ್ತೀರಿ? ಹಾಗಾದರೆ ಸಿಳ್ಳೆ? ಅದಾದರೂ ಸುಳ್ಳಾಗಲಿ ಎಂಬ ಆಸೆಯಿಂದ ಸಿಸ್ಟರನ್ನು ಕೇಳಿದೆ.

"ಅದು ನಮ್ಮ ಪಟ್ಟಿಯೊಳಗಿಲ್ರಿ. ಆದ್ರೂ ಹೊಡೀಬ್ಯಾಡ್ರಿ, ಬಾಜೂ ಪೇಶಂಟ್ ಮಲಗ್ಯಾರ."

ದಿನಾ ಡಾಕ್ಟರು ಬಂದಾಗ ಮಾವನದು ಒಂದೇ ಪ್ರಶ್ನೆ: "ಇವತ್ತರ ಪೈಪು ತೆಗೀತೀರೇನ್ರಿ?" ಅಪ್ಪನಿಗೋ ತೆಗೆಯುವುದೇ ಬೇಡ, ಏಳುವುದೆಂದರೆ ಪ್ರಾಣಸಂಕಟ. ನಾನು ಅಪ್ಪನ ಪರ ನಿಂತೆ: ನೋವಿಲ್ಲ, ಬೀಳುವ ಭಯವಿಲ್ಲ, ನಿದ್ದೆ ಕೆಡುವುದಿಲ್ಲ. ಮೂರು ಅಂಶ! ಡಾಕ್ಟರು ತಾಳ್ಮೆಯಿಂದ ಕೇಳಿದರು. ಆಮೇಲೆ, ಪೈಪು ಒಂದೊಂದು ದಿನ ಹೆಚ್ಚು ಉಳಿದಷ್ಟೂ ಸೋಂಕಿನ ಭಯ ಹೆಚ್ಚು, ಅದು ರಾಡಿನವರೆಗೆ ಹಬ್ಬಿದರೆ ಕಾಲಿಗೇ ಕುತ್ತು ಎಂದು ಹೇಳಿ, ಮೂರನೆಯ ದಿನ ಬೆಳಿಗ್ಗೆ ತೆಗೆಸಿಯೇಬಿಟ್ಟರು. ಮಧ್ಯಾಹ್ನದೊಳಗೆ ತಾನಾಗಿ ಮೂತ್ರವಾಗದಿದ್ದರೆ ಮತ್ತೆ ಹಾಕಬೇಕಾದೀತು ಎಂದೂ ಸೇರಿಸಿದರು.

ಮಾವ ಗುಟುಕು ಗುಟುಕಾಗಿ ನೀರು ಕುಡಿಸಿದ. ಅಪ್ಪ ವಾಕರ್ ಹಿಡಿದು ಎರಡು ಸಲ ಹೋಗಿ ಸುಮ್ಮನೆ ವಾಪಸು ಬಂದರು. ಮೂರನೆಯ ಸಲ ಒಳಗೆ ಅಪ್ಪನ ತೋಳು ಹಿಡಿದು ಸಿಸ್ಟರ್, ಬಾಗಿಲಾಚೆ ನಾವಿಬ್ಬರು. ಗಂಟೆ ಒಂದಾಗಿತ್ತು, ಡಾಕ್ಟರು ಕೊಟ್ಟ ಗಡುವು ಮುಗಿಯುತ್ತ ಬಂದಿತ್ತು. ನನ್ನ ಬಳಿ ಒಂದು ಅಂಶವೂ ಉಳಿದಿರಲಿಲ್ಲ. ಮಾವನ ತುಟಿ ಒಣಗಿತ್ತು. ಆ ಒಣ ತುಟಿಯನ್ನೇ ಮುಂದೆ ಮಾಡಿ ಅವನು ಮೆಲ್ಲಗೆ, ಎಳೆಗೂಸಿಗೆ ಉಚ್ಚೆ ಹೊಯ್ಯಿಸುವಾಗ ಹೊಡೆಯುತ್ತಾರಲ್ಲ, ಹಾಗೆ ಸಿಳ್ಳೆ ಹೊಡೆಯತೊಡಗಿದ.

"ಮಾಮಾ, ಬಳ್ಳಿ ಸಿಟ್ಟಾಗ್ತೈತಿ" ಎಂದೆ.

"ನಿಮ್ಮಪ್ಪ ಏನ್ ಬಳ್ಳಿ ಏನವಾ? ನೀನ ಅಂದೀಯಲ್ಲ" ಎಂದು ಮತ್ತೆ ಸಿಳ್ಳೆ ಹಚ್ಚಿದ.

ಒಳಗಿನಿಂದ ಸಣ್ಣಗೆ ನೀರಿನ ಸದ್ದು ಬಂತು. ಮಾವ ಸಿಳ್ಳೆ ನಿಲ್ಲಿಸದೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಇಬ್ಬರೂ ಕೈ ತೊಳೆದಿರಲಿಲ್ಲ.