ಒಂದು ಆರು ಅರವತ್ತಾರು

ಸ್ನೇಹಿತನ ಹುಟ್ಟುಹಬ್ಬವನ್ನು ಹೇಗೆ ಆಚರಿಸಬೇಕೆಂದು ಇಡೀ ಬಿಟಿಎಂ ಲೇಔಟಿಗೇ ತೋರಿಸಿಕೊಡುತ್ತೇನೆ ಎಂದು ನಾನು ೨೦೦೨ರ ಮೇ ಕೊನೆಯ ವಾರದಲ್ಲಿ ಶಪಥ ಮಾಡಿದೆ. ಭೀಷ್ಮನ ನಂತರ ಅಷ್ಟು ಘೋರವಾದ ಶಪಥವನ್ನು ಯಾರೂ ಮಾಡಿರಲಾರರು! ಒಂದೇ ವ್ಯತ್ಯಾಸ, ಭೀಷ್ಮನಿಗೆ ಹೆಂಡತಿ ಇರಲಿಲ್ಲ.

ನಾನು ಮೂರು ವರ್ಷ ನಮ್ಮ ಬ್ಯಾಂಕಿನ ಬಾಗಲಕೋಟೆಯ ಶಾಖೆಯಲ್ಲಿದ್ದಾಗ ಮೌನೇಶ, ಹಣಮಪ್ಪ ಎಂಬ ಇಬ್ಬರು ಸಹೋದ್ಯೋಗಿಗಳು ನನ್ನನ್ನು ರೊಟ್ಟಿ, ಶೇಂಗಾ ಚಟ್ನಿ ಹಾಕಿ ಸಾಕಿದ್ದರು. ಈಗ ಇಬ್ಬರೂ ಬಾಡಿಗೆಯ ಟ್ರ್ಯಾಕ್ಸ್ ಮಾಡಿಕೊಂಡು ಕನ್ಯಾಕುಮಾರಿಗೆ ಹೊರಟಿದ್ದರು. ಜೊತೆಗೆ ಮೌನೇಶನ ತಾಯಿ ತಂಗೆವ್ವ. ಜೂನ್ ಒಂದನೇ ತಾರೀಖು, ಶನಿವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟ ಮುಗಿಸಿ ಮುಂದಕ್ಕೆ ಹೋಗುವುದೆಂದು ಮೌನೇಶ ಫೋನಿನಲ್ಲಿ ತಿಳಿಸಿದ.

ಜೂನ್ ಒಂದು! ನನಗೆ ರೋಮಾಂಚನವಾಯಿತು. ಅವನ ವಿಮೆಯ ಅರ್ಜಿ ತುಂಬಿದವನು ನಾನೇ. ಹುಟ್ಟಿದ ದಿನಾಂಕ: ಒಂದು, ಆರು, ಅರವತ್ತಾರು. ನಾನು ಹುಟ್ಟಿದ್ದು ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ. ಗಂಟೆ ನಿಮಿಷದ ಸಮೇತ ಸರ್ಟಿಫಿಕೇಟಿದೆ. ಹಾಗಾಗಿ ದಾಖಲೆಯಲ್ಲಿ ಬರೆದದ್ದೆಲ್ಲ ನನಗೆ ವೇದವಾಕ್ಯ.

"ಮೈತ್ರಿ, ಅವನು ಎಷ್ಟೋ ವರ್ಷದ ಹಿಂದೆ ಹೇಳಿದ ತಾರೀಖು. ನನಗೆ ಹೇಗೆ ನೆನಪಿದೆ ನೋಡು!" ಎಂದು ಹೆಂಡತಿಯ ಮುಂದೆ ಎದೆಯುಬ್ಬಿಸಿದೆ.

"ಮದುವೆ ಆಗಿ ಒಂಬತ್ತು ವರ್ಷ ಆಯ್ತು. ನನ್ನ ಹುಟ್ಟಿದಬ್ಬ ಒಂದು ಸಲನಾದ್ರೂ ನೆನಪಿತ್ತಾ?"

"ಹಳೇದೆಲ್ಲ ಯಾಕೆ ಈಗ?"

"ಸರಿ ರೀ, ಒಂದು ಮಾತು. ಈ ಸಲ ಒಬ್ಬರ ಹುಟ್ಟಿದಬ್ಬನಾದ್ರೂ ಸರಿಯಾದ ದಿನಕ್ಕೆ ಮಾಡಿ ತೋರ್ಸಿ. ಒಂಬತ್ತು ವರ್ಷದ್ದೂ ಮನ್ನಾ."

ಒಂಬತ್ತು ವರ್ಷದ ಅಪರಾಧ ಒಂದೇ ಕೇಕಿನಲ್ಲಿ ಮನ್ನಾ! ಇಂಥ ಅವಕಾಶವನ್ನು ಯಾವ ಗಂಡ ಬಿಟ್ಟಾನು? ಅವಳು ಆ ಮಾತು ಹೇಳುವಾಗ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದ್ದರ ಅರ್ಥ ಮಾತ್ರ ನನಗೆ ಆಗ ಹೊಳೆಯಲಿಲ್ಲ.

ಶುಕ್ರವಾರ ಮನೆಯಲ್ಲಿ ಶಾವಿಗೆ ಪಾಯಸ ಮಾಡಿದ್ದಳು. ಹೊಸ ಸೀರೆ ಬೇರೆ ಉಟ್ಟಿದ್ದಳು.

"ರೀ, ಇವತ್ತು ತಾರೀಖು ಎಷ್ಟು?"

"ಅಷ್ಟೂ ಗೊತ್ತಿಲ್ವಾ? ನಾಳೆ ಜೂನ್ ಒಂದು! ಪಾಯಸಕ್ಕೆ ಸಕ್ಕರೆ ಸ್ವಲ್ಪ ಕಮ್ಮಿ. ನಾಳೆ ಅವರು ಬಂದಾಗ ಸರಿಯಾಗಿ ಹಾಕು. ಸೀರೆನೂ ನಾಳೆಗೆ ಇಟ್ಕೋಬಾರದಿತ್ತಾ?"

ಅವಳು ಪಾಯಸದ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ನಾನು ಬಲೂನ್ ಊದುತ್ತ ಕುಳಿತೆ.

ಶನಿವಾರ ಬೆಳಿಗ್ಗೆ ಜಯನಗರ ನಾಲ್ಕನೇ ಬ್ಲಾಕಿನಿಂದ ಎರಡು ಕೆಜಿ ಕೇಕ್ ತಂದೆ, ಮೊಟ್ಟೆ ಹಾಕದ್ದು. ಕೆಳಗಿನ ಮನೆಯ ಓನರ್ ಅನಂತರಾಮು ಅವರನ್ನೂ ಕರೆದಿದ್ದೆನಲ್ಲ! ಡಬ್ಬಿಯನ್ನು ಸ್ಕೂಟರಿನಲ್ಲಿ ಕಾಲಿನ ನಡುವೆ ಇಟ್ಟುಕೊಂಡು ಹೊರಟರೆ, ತಿಲಕ್ ನಗರದ ಒಂದು ಹಂಪ್ ತನ್ನ ಕೈಚಳಕ ತೋರಿಸಿತು. ಮನೆಯಲ್ಲಿ ತೆರೆದು ನೋಡಿದರೆ ಮೌನೇಶನ ಅರ್ಧ ಹೆಸರು ಮುಚ್ಚಳಕ್ಕೆ ಅಂಟಿತ್ತು. ಕೇಕಿನ ಮೇಲೆ ಉಳಿದದ್ದು 'ಮೌನ' ಮಾತ್ರ.

ಒಂದು ಗಂಟೆಗೆ ಟ್ರ್ಯಾಕ್ಸ್ ಬಂತು. ಮೌನೇಶ ಹೊಸ್ತಿಲು ದಾಟಿದ ಕೂಡಲೇ ನಾನು ಅವನ ತಲೆಗೆ ಕಾಗದದ ಟೋಪಿ ಏರಿಸಿ, ಕೈಗೆ ಚಾಕು ಕೊಟ್ಟು, ಚಪ್ಪಾಳೆ ತಟ್ಟಿ ಹಾಡತೊಡಗಿದೆ. ಅನಂತರಾಮು ದನಿಗೂಡಿಸಿದರು. ಮೌನೇಶ ಹಿಂದೆ ತಿರುಗಿ ನೋಡಿದ, ಇನ್ಯಾರೋ ಬಂದಿರಬೇಕೆಂದು.

"ಯಾರದೋ ಪ್ರಮೋದ, ಹುಟ್ಟಹಬ್ಬ?"

"ನಿಂದೇ ಕಣೋ! ಒಂದು ಆರು ಅರವತ್ತಾರು!"

"ನಂದಾ? ಬೇ ಯವ್ವಾ, ನಾ ಯಾವಾಗ ಹುಟ್ಟೇನಿ?"

ತಂಗೆವ್ವ ಚಾಪೆಯ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದರು. "ಸೀಗಿ ಹುಣ್ಣಿಮಿ ಮರುದಿನ. ಹೊಲದಾಗ ಭೂಮಿತಾಯಿಗೆ ಚರಗ ಚೆಲ್ಲಿ ಬಂದಿದ್ವಿ, ನಸಿಕಿನ್ಯಾಗ ನೀ ಹುಟ್ಟಿದಿ."

"ಮತ್ತೆ ಜೂನ್ ಒಂದು?" ಎಂದೆ ನಾನು.

"ಅದು ಸಾಲಿ ಮಾಸ್ತರು ಬರಕೊಂಡದ್ದು ತಮ್ಮಾ. 'ಎಂದ ಹುಟ್ಟ್ಯಾನವ್ವ' ಅಂದ್ರು. ಸೀಗಿ ಹುಣ್ಣಿಮಿ ಮರುದಿನ ಅಂದೆ. 'ಆ ತಾರೀಖ ನಮ್ಮ ರಜಿಸ್ಟರದಾಗ ಇಲ್ಲ' ಅಂದು, ಸಾಲಿ ಚಾಲೂ ಆಗೋ ದಿನಾನ ಬರದುಬಿಟ್ರು."

ಹಣಮಪ್ಪ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. "ನಂದೂ ಒಂದು ಆರು ಐತಿ! ನಮ್ಮ ತಮ್ಮಂದೂ ಒಂದು ಆರು! ನಮ್ಮ ಓಣ್ಯಾಗ ಎಲ್ಲಾರೂ ಒಂದ ದಿನಾ ಹುಟ್ಟೀವಿ!"

"ನಂದೂ ಅದ ರೀ ಸರ್," ಎಂದ ಡ್ರೈವರ್ ಬಾಗಿಲಲ್ಲಿ ಚಪ್ಪಲಿ ಬಿಡುತ್ತ.

ನಾನು ಕೊನೆಯ ಆಸೆಯಿಂದ ಅನಂತರಾಮು ಅವರತ್ತ ನೋಡಿದೆ. ಅವರು ಕನ್ನಡಕ ಒರೆಸಿಕೊಂಡರು. "ನಂದೂ ಅದೇ ಪ್ರಮೋದ್. ನಮ್ಮ ಹೆಡ್‌ಮಾಸ್ಟ್ರ ಕೃಪೆ. ನಿಜವಾದ ತಾರೀಖು ಬರೆದಿದ್ರೆ ಇನ್ನೂ ಆರು ತಿಂಗಳು ಸರ್ವಿಸ್ ಇರ್ತಿತ್ತು."

ದಾಖಲೆಯ ಪ್ರಕಾರ ನಾಲ್ವರು ಹುಟ್ಟುಹಬ್ಬದ ಗಂಡಸರು ನನ್ನ ಕೋಣೆಯಲ್ಲಿದ್ದರು. ನಿಜವಾಗಿ ಒಬ್ಬನೂ ಇರಲಿಲ್ಲ! ಮೂವತ್ತಾರು ಎಂಬ ಮೇಣದ ಅಂಕಿಗಳು ಯಾರಿಗೂ ಸಲ್ಲದೆ ಉರಿಯುತ್ತಿದ್ದವು. ಒಂಬತ್ತು ವರ್ಷದ ಮನ್ನಾ ನನ್ನ ಕಣ್ಣ ಮುಂದೆಯೇ ಕರಗುತ್ತಿತ್ತು. ಅಳು ಬರುವುದೊಂದು ಬಾಕಿ.

"ಯಾರದರ ಇರಲಿ, ದೀಪಾ ಹಚ್ಚಿದ ಮ್ಯಾಲ ಸುಮ್ಮ ಆರಸಬಾರದು," ಎಂದರು ತಂಗೆವ್ವ. "ಇಲ್ಲೆ ಖರೇ ಹುಟ್ಟಿದ ದಿನಾ ಯಾರದೂ ಇಲ್ಲೇನು?"

ಕೇಕಿನ ಮೇಲಿದ್ದ 'ಮೌನ'ವೇ ಮನೆಯಲ್ಲೂ ತುಂಬಿತು.

ಅಡುಗೆಮನೆಯ ಬಾಗಿಲಲ್ಲಿ ಹಪ್ಪಳದ ತಟ್ಟೆ ಹಿಡಿದು ನಿಂತಿದ್ದ ಮೈತ್ರಿ ಮೆಲ್ಲಗೆ ಕೇಳಿದಳು: "ಅಮ್ಮಾ, ಒಂದು ದಿನ ಹಳೇದಾದ್ರೆ ನಡಿಯತ್ತಾ?"

"ಏನವ್ವ?"

"ನಂದು ನಿನ್ನೆ ಇತ್ತು."

ಶಾವಿಗೆ ಪಾಯಸ! ಹೊಸ ಸೀರೆ! ಸಕ್ಕರೆ ಕಮ್ಮಿ ಎಂದಿದ್ದೆನಲ್ಲ! ನಾನು ಅಲ್ಲಿಯೇ ಬಲೂನಿನ ಹಾಗೆ ಟುಸ್ಸೆಂದೆ.

ತಂಗೆವ್ವ ಎದ್ದು, ಮಗನ ತಲೆಯ ಟೋಪಿ ಕಿತ್ತು ಮೈತ್ರಿಗೆ ಹಾಕಿದರು. ಚಾಕು ಅವಳ ಕೈಗೆ ಬಂತು. ಹಣಮಪ್ಪ ಎಲ್ಲರಿಗಿಂತ ಜೋರಾಗಿ ಹಾಡಿದ. ಮೌನೇಶ ನನ್ನ ಕಿವಿಯಲ್ಲಿ, "ಮುಂದಿನ ಸಲ ಹೆಂಡತಿ ವಿಮಾ ಅರ್ಜಿನೂ ನೀನ ತುಂಬಪಾ," ಎಂದ.

ಎಲ್ಲರಿಗೂ ಕೊಟ್ಟಾದ ಮೇಲೆ ಮೈತ್ರಿ ಕೊನೆಯ ತುಂಡನ್ನು ನನ್ನ ಮುಂದೆ ಹಿಡಿದಳು. ನಾನು ಕೈ ಮುಗಿದೆ. "ತಪ್ಪಾಯ್ತು ಕಣೆ. ಮುಂದಿನ ವರ್ಷ ಮೇ ಮೂವತ್ತೊಂದು ಖಂಡಿತ ಮರೆಯಲ್ಲ."

"ಬೇಡ ಬಿಡಿ, ಮರ್ತೇ ಮರೀತೀರ," ಎಂದಳು ಅವಳು. "ನಿಮ್ಮ ದಾಖಲೇಲಿ ನಂದೂ ಜೂನ್ ಒಂದು ಅಂತಾನೇ ಬರ್ಕೊಂಡ್ಬಿಡಿ."