ಲಾಡ್ಜಿನ ಸಿನಿಮಾಗಳೂ ನಾನು ಹಾಸಿದ ಹಾಸಿಗೆಯೂ

ನನ್ನ ಅಕ್ಷರ ಸೊಟ್ಟ, ಓದಿದ್ದು ಮೂರನೆಯ ತರಗತಿ, ಬರೆಯುತ್ತಿರುವುದು ಇದೇ ಮೊದಲು. ಓದುವವರಿಗೆ ತೊಂದರೆ ಕೊಡುತ್ತಿದ್ದೇನೆಂಬ ಅಳುಕಿದೆ. ವಿಜಯನಗರದ ಒಂದು ಲಾಡ್ಜಿನಲ್ಲಿ ರೂಮು ಶುಚಿಮಾಡುವವಳು ನಾನು. ಹೋಟೆಲು, ಲಾಡ್ಜುಗಳಲ್ಲೇ ಕಥೆ ನಡೆಯುವ ಸಿನಿಮಾಗಳೆಂದರೆ, ಅವುಗಳ ಚೆಲುವ ನಾಯಕರೆಂದರೆ ನನಗೆ ಎಲ್ಲಿಲ್ಲದ ಸಂಭ್ರಮ. ಅದರಿಂದಾಗಿ ಕೆಳಗೆ ಬರೆದಿರುವಂಥ ಪೇಚುಗಳೂ ತಪ್ಪುವುದಿಲ್ಲ.

ಶೂ

ಕಾಮಾಕ್ಷಿಪಾಳ್ಯದ ನಮ್ಮ ವಠಾರದಲ್ಲಿ ಭಾನುವಾರ ಬಾಡಿಗೆಗೆ ಸಿಡಿ ತಂದು ಎಲ್ಲರೂ ಕೂಡಿ ನೋಡುತ್ತಿದ್ದೆವು. ಒಮ್ಮೆ ಒಬ್ಬ ನಾಯಕ, ನೋಡಲು ಎರಡು ಕಣ್ಣು ಸಾಲದಂಥವನು, ಮಳೆಯಲ್ಲಿ ನೆನೆದು ಬಂದವನೇ ಹೋಟೆಲಿನ ಬಿಳಿ ಹಾಸಿಗೆಯ ಮೇಲೆ ಶೂ ಸಮೇತ ಬಿದ್ದುಕೊಂಡ. ಹೆಂಗಸರೆಲ್ಲ ನಿಟ್ಟುಸಿರು ಬಿಟ್ಟರೆ ನಾನು, "ಅಯ್ಯೋ, ಕೆಸರು! ಶೂ ಬಿಚ್ಚಪ್ಪಾ!" ಎಂದು ಕೂಗಿಬಿಟ್ಟೆ.

ನಮ್ಮ ಯಜಮಾನರು, "ನಾಯಕಿ ಬಿಟ್ಟು ಹೋದ್ಲು ಅಂತ ಅವನು ಅಳ್ತಾ ಇದ್ರೆ ನಿಂಗೆ ಬೆಡ್‌ಶೀಟ್ ಚಿಂತೆಯೇನೇ!" ಎಂದರು.

"ಅವ್ಳು ನಾಳೆ ವಾಪಸ್ ಬರ್ತಾಳೆ ಕಣ್ರೀ, ಕೆಸರಿನ ಕಲೆ ಹೋಗಲ್ಲ" ಎಂದೆ.

ಹಾಸಿಗೆ

ಕೆಲವು ತಿಂಗಳ ಬಳಿಕ ನಮ್ಮ ಲಾಡ್ಜಿಗೇ ಶೂಟಿಂಗ್ ಬಂತು! ನಾಯಕನಟರು ನಮ್ಮ ಮೂರನೆಯ ಮಹಡಿಯಲ್ಲಿ! ಪಕ್ಕದ ಮನೆಯಾಕೆ, "ಒಂದ್ ಮಾತಾದ್ರೂ ಆಡ್ಕೊಂಡ್ ಬಾರೇ, ಇಲ್ದಿದ್ರೆ ಯಾರೂ ನಂಬಲ್ಲ" ಎಂದಳು. "ನಿಮ್ಮ ಅಭಿನಯ ಬಹಳ ಚೆನ್ನಾಗಿದೆ ಸಾರ್" ಎಂಬುದನ್ನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಅವರು ಎದುರು ಬಂದಾಗ ಮಾತ್ರ ಬಾಗಿಲ ಹಿಂದೆ ಅವಿತುಕೊಂಡೆ.

ಎಲ್ಲರೂ ಊಟಕ್ಕೆ ಹೋದಾಗ ಶೂಟಿಂಗ್ ನಡೆಯುತ್ತಿದ್ದ ರೂಮಿನೊಳಗೆ ಇಣುಕಿದರೆ ಹಾಸಿಗೆಯೆಲ್ಲ ಮುದ್ದೆ. ಮನಸ್ಸು ತಡೆಯಲಿಲ್ಲ. ಹೊಸ ಚಾದರ ಹಾಸಿ, ದಿಂಬು ಕೊಡವಿ, ಮೂಲೆಗಳನ್ನು ಬಿಗಿಯಾಗಿ ಮಡಚಿದೆ. ನಿರ್ದೇಶಕರು ಬಂದವರೇ ತಲೆ ಹಿಡಿದುಕೊಂಡರು. "ಯಾರ್ರೀ ಇದು? ಮೂರು ದಿನ ನಿದ್ದೆಯಿಲ್ದೆ ಹೊರಳಾಡಿದವನ ಹಾಸಿಗೆ ಹಿಂಗಿರುತ್ತಾ? ಬೆಳಗ್ಗೆಯಿಂದ ಕಷ್ಟಪಟ್ಟು ಕೆಡಿಸಿದ್ವಲ್ರೀ!"

ಒಂದೇ ಮಾತು

ಹಳೆಯ ಚಾದರ ಹಿಡಿದು ಅಲ್ಲೇ ನಿಂತಿದ್ದ ನನ್ನನ್ನು ನೋಡಿ ನಾಯಕನಟರು ನಕ್ಕು, "ಇರ್ಲಿ ಬಿಡಿ ಸಾರ್, ಎರಡು ನಿಮಿಷ" ಎಂದು ಆ ಹಾಸಿಗೆಯ ಮೇಲೆ ಒರಗಿದವರು ನಿಜವಾಗಿಯೂ ನಿದ್ದೆಹೋದರು. ಅರ್ಧ ಗಂಟೆಯಾಯಿತು. ಎಬ್ಬಿಸಲು ಯಾರಿಗೂ ಧೈರ್ಯವಿಲ್ಲ. ನಿರ್ದೇಶಕರು ನನ್ನತ್ತ ತಿರುಗಿ, "ಮಲಗ್ಸಿದ್ದು ನೀವು, ಎಬ್ಸೋದೂ ನೀವೇ" ಎಂದರು.

ನನ್ನ ಭಾಗ್ಯದ ಗಳಿಗೆ! ಮಂಚದ ಬಳಿ ನಿಂತೆ. ಕಣ್ಣು ಮುಚ್ಚಿದ್ದರೂ ಎಂಥ ಚೆಲುವು! ಬಾಯಿಪಾಠವೆಲ್ಲ ಮರೆತುಹೋಯಿತು. ದಿನಾ ಬಾಗಿಲು ತಟ್ಟಿ ಗಿರಾಕಿಗಳಿಗೆ ಹೇಳುವ ಮಾತೇ ಜೋರಾಗಿ ಹೊರಬಿತ್ತು: "ಸಾರ್, ಟೈಮ್ ಆಯ್ತು, ರೂಮ್ ಖಾಲಿ ಮಾಡಿ!"

ಅವರು ಧಡಕ್ಕನೆ ಎದ್ದು, "ಐದೇ ನಿಮಿಷ ಅಮ್ಮಾ, ಹೊರಟೆ" ಎನ್ನುತ್ತಾ ಮಂಚದ ಕೆಳಗೆ ಬ್ಯಾಗು ಹುಡುಕತೊಡಗಿದರು.

ಬರವಣಿಗೆಯಲ್ಲಿ ತಪ್ಪುಗಳಿದ್ದರೆ ಓದುಗರು ದಯವಿಟ್ಟು ಮನ್ನಿಸಬೇಕು.